ಐದು ವಾಟ್

ಕೋಟ ಪಡುಕರೆ
9 ಜೂನ್ 2024

ಭೋಜರಾಜ,

ಇದು ಎಡಗೈಯಲ್ಲಿ ಬರೆದ ಕಾಗದ. ಅಕ್ಷರ ಯಾಕೆ ಹೀಗೆ ಸೊಟ್ಟ ಎಂದು ನಿನಗೆ ಬೇರೆ ಹೇಳಬೇಕಾಗಿಲ್ಲ. ಬಲಗೈಯನ್ನು ಮಣಿಕಟ್ಟಿನಿಂದ ಕಡಿದು ಸಮುದ್ರಕ್ಕೆ ಹಾಕಿದವನು ನೀನು. ಮೂರು ವರ್ಷ ಆಗುತ್ತಾ ಬಂತು, ನಿನಗೊಂದು ಸಾಲು ಬರೆಯಬೇಕೆಂದು ನನಗೆ ಒಮ್ಮೆಯೂ ಅನ್ನಿಸಿರಲಿಲ್ಲ. ಈಗ ಬರೆಯುತ್ತಿರುವುದು ನಿನ್ನ ಮಗಳ ವಿಷಯಕ್ಕೆ.

ನಿನ್ನೆ ಸಂಜೆ ಅಕ್ಷಯಾ ನಮ್ಮ ಅಂಗಳಕ್ಕೆ ಬಂದಳು. ಕೋಟದ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳಂತೆ, ದಿನಾ ಕೊಡೇರಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳಂತೆ. ನನಗದು ಗೊತ್ತಿರಲಿಲ್ಲ. ನನ್ನ ಹೆಂಡತಿ ಸುಂದರಿ ಬಾಗಿಲಲ್ಲಿ ಕೂತು ಬಂಗುಡೆ ಕೊಯ್ಯುತ್ತಿದ್ದಳು. ಇವಳ ಮುಖ ನೋಡಿದ್ದೇ ಎದ್ದು ನಿಂತಳು.

"ನೀ ಯಾರ ಮಗ್ಳ್ ಅಂದೇಳಿ ಗೊತ್ತಿತ್. ಎಂತಕ್ಕೆ ಬಂದದ್ದ್?"

"ಮಾವನ ಹತ್ರ ರೇಡಿಯೋ ಕಲೀಕ್."

ಸುಂದರಿ ಮೀನು ತೊಳೆದ ನೀರಿನ ಪಾತ್ರೆಯನ್ನು ಎತ್ತಿ ಅವಳ ಮೈಮೇಲೆ ಎರಚಿಬಿಟ್ಟಳು. ನಿನ್ನ ಮಗಳು ಅಲ್ಲಾಡಲಿಲ್ಲ. ಕೆನ್ನೆಗೆ ಅಂಟಿದ ಕರುಳನ್ನು ಬೆರಳಲ್ಲಿ ತೆಗೆದು ಕೆಳಗೆ ಹಾಕಿ, "ನಾಳೆ ಬತ್ತೆ" ಎಂದು ಹೇಳಿ ಹೋದಳು.

ಹಡಗಿನ ರೇಡಿಯೋ ಕೋಣೆಯ ಕೆಲಸ ಬಿಟ್ಟು ಮುಂಬೈಯಿಂದ ಬಂದ ಮೇಲೂ ನನಗೆ ಈ ಹುಚ್ಚು ಹೋಗಲಿಲ್ಲ ಎಂಬುದು ನಿನಗೆ ಗೊತ್ತು. ಸರ್ಕಾರದ ಲೈಸೆನ್ಸು ತೆಗೆದುಕೊಂಡು ಮನೆಯಲ್ಲಿ ಕೂತು, ತಂತಿ ಕಟ್ಟಿ, ಕಾಣದ ಊರಿನವರ ಜೊತೆ ಮಾತಾಡುವುದು. ಹ್ಯಾಮ್ ರೇಡಿಯೋ. ಅವಳಿಗೆ ಬೇಕಾದ್ದು ಅದರಲ್ಲೂ ಚಿಕ್ಕದು, ಕೈಯಾರೆ ಬೆಸುಗೆ ಹಾಕಿ ಮಾಡುವ ಐದು ವಾಟಿನ ಸೆಟ್ಟು. ನೀನು ಮೀನು ಸೆಳೆಯಲು ಬೋಟಿನ ಮೇಲೆ ಉರಿಸುತ್ತಿದ್ದ ಒಂದೊಂದು ಬಲ್ಬೂ ಸಾವಿರ ವಾಟಿನದ್ದು. ಆ ಬೆಳಕಿಗೇ ಅಲ್ಲವಾ ನಮ್ಮಿಬ್ಬರ ನಡುವೆ ಮಚ್ಚು ಬಂದದ್ದು.

ಕಲಿಸಬೇಕಾ ಬೇಡವಾ, ನೀನೊಂದು ಮಾತು ಬರೆ. ಅವಳ ತಾಯಿ ಕಮಲ ಬದುಕಿದ್ದಿದ್ದರೆ ನಾನು ನಿನ್ನನ್ನು ಕೇಳುತ್ತಿರಲಿಲ್ಲ.

ಚಂದಯ್ಯ


ಕೇಂದ್ರ ಕಾರಾಗೃಹ
26 ಜೂನ್ 2024

ಚಂದಯ್ಯನಿಗೆ,

ನನ್ನ ಮಗಳ ಹೆಸರು ನಿನ್ನ ಬಾಯಲ್ಲಿ ಬರುವುದು ಬೇಡ. ಸರ್ಕಾರ ಬೇಡವೆಂದರೂ ಲೈಟ್ ಹಾಕಿ ಮೀನು ಹಿಡಿದದ್ದು ನಾನೊಬ್ಬನೇ ಅಲ್ಲ. ನಾಡದೋಣಿಯವರ ಮುಂದಾಳು ಅಂತ ನೀನು ವಯರ್‌ಲೆಸ್‌ನಲ್ಲಿ ಪೊಲೀಸರಿಗೆ ಹೇಳಿದ್ದು ಮಾತ್ರ ನನ್ನೊಬ್ಬನ ಬೋಟಿನ ಹೆಸರು. ಒಂದೇ ದೋಣಿಯಲ್ಲಿ ಹುಟ್ಟು ಹಾಕಿ ಬೆಳೆದವರು ನಾವು. ನೀನು ಹೇಳಬಾರದಿತ್ತು.

ಕೋರ್ಟಿನಲ್ಲಿ ಹೇಳಿದ್ದನ್ನೇ ಈಗಲೂ ಹೇಳುತ್ತೇನೆ. ನಾನು ಹಗ್ಗ ಕಡಿಯಲು ಮಚ್ಚು ಎತ್ತಿದ್ದು. ದೋಣಿ ಅಲ್ಲಾಡಿತು, ನಿನ್ನ ಕೈ ಅಡ್ಡ ಬಂತು. ಅಷ್ಟೇ.

ಅಕ್ಷಯಾ ಇನ್ನೊಮ್ಮೆ ನಿನ್ನ ಅಂಗಳಕ್ಕೆ ಕಾಲಿಟ್ಟರೆ

(ಇಲ್ಲಿ ಮೂರು ಸಾಲಿಗೆ ಕಪ್ಪು ಮಸಿ ಬಳಿದಿದೆ.)

ನೆನಪಿಟ್ಟುಕೋ.

ಭೋಜರಾಜ


ಕೋಟ ಪಡುಕರೆ
11 ಜುಲೈ 2024

ಭೋಜರಾಜ,

ಜೈಲಿನವರು ಮಸಿ ಬಳಿದ ಮೂರು ಸಾಲನ್ನು ನಾನು ಓದಿದೆ. ನೀನು ಸಿಟ್ಟಿನಲ್ಲಿ ಏನು ಹೇಳುತ್ತೀ ಎಂದು ಓದಲು ನನಗೆ ಅಕ್ಷರ ಬೇಡ.

ನಾನು ಅವಳನ್ನು ಕರೆಯುವುದಿಲ್ಲ. ಬಂದರೆ ಬಾಗಿಲು ಹಾಕುವುದೂ ಇಲ್ಲ. ಅವಳು ದಿನಾ ಬರುತ್ತಿದ್ದಾಳೆ. ಐದನೆಯ ದಿನ ಸುಂದರಿಯೇ ಚಾ ಕೊಟ್ಟಳು, ಮಾತು ಕೊಡಲಿಲ್ಲ.

ನನ್ನ ಕೈ ಹೋದ ದಿನ ಬೆಳಕು ಹರಿಯುವ ಹೊತ್ತಿಗೆ ನನ್ನ ದೋಣಿಯಲ್ಲಿ ನಾನು, ನೀನು ಇಬ್ಬರೇ ಇದ್ದದ್ದು. ನಿನ್ನ ಬೋಟು ಗುದ್ದಿ, ನನ್ನ ದೋಣಿಯ ಪಕ್ಕೆ ಒಡೆದು, ನೀನು ಹಾರಿ ಬಂದೆ. ಕೋರ್ಟಿನಲ್ಲಿ ವಕೀಲರು ನನ್ನನ್ನು ಕೇಳಿದರು, ಎಷ್ಟು ಏಟು ಬಿತ್ತು ಅಂತ. "ಎಚ್ಚರ ತಪ್ಪಿತ್ತು, ಗೊತ್ತಿಲ್ಲ" ಎಂದು ಹೇಳಿದೆ. ಯಾಕೆ ಹಾಗೆ ಹೇಳಿದೆನೋ ನನಗೇ ತಿಳಿಯದು. ನನಗೆ ಎಚ್ಚರ ತಪ್ಪಿರಲಿಲ್ಲ.

ಚಂದಯ್ಯ


ಕೊಡೇರಿ
2 ಅಕ್ಟೋಬರ್ 2024

ಅಪ್ಪಯ್ಯನಿಗೆ,

ನಾನು ಚಂದಯ್ಯ ಮಾವನಲ್ಲಿ ರೇಡಿಯೋ ಕಲಿಯುತ್ತಿದ್ದೇನೆ. ನಿಮಗೆ ಗೊತ್ತಿದೆ ಎಂದು ನನಗೂ ಗೊತ್ತು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆಯುವುದು ಒಳ್ಳೆಯದು.

ಮೊದಲ ಎರಡು ತಿಂಗಳು ಅವರು ನನಗೆ ಏನನ್ನೂ ಮುಟ್ಟಲು ಬಿಡಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸುತ್ತಿದ್ದರು. "ಕೇಂಬುಕೆ ಕಲಿ ಮೊದ್ಲ್. ಮಾತಾಡುಕೆ ಎಲ್ಲರಿಗೂ ಬತ್ತ್" ಅನ್ನುತ್ತಿದ್ದರು. ಮೋರ್ಸ್ ಅಂದರೆ ಗಿಡ್ಡ ಸದ್ದು, ಉದ್ದ ಸದ್ದು, ಅಷ್ಟೇ. ಮೊದಮೊದಲು ಬರೀ ಸಾಸಿವೆ ಸಿಡಿದ ಹಾಗೆ ಕೇಳುತ್ತಿತ್ತು. ಆಮೇಲೊಂದು ದಿನ ಆ ಗದ್ದಲದ ಅಡಿಯಲ್ಲಿ ಯಾರೋ ತಮ್ಮ ಊರಿನ ಹೆಸರು ಹೇಳುತ್ತಿದ್ದದ್ದು ಅರ್ಥವಾಯಿತು. ಭುಸಾವಳ. ನಾನು ಎದ್ದು ನಿಂತುಬಿಟ್ಟೆ.

ದೊಡ್ಡ ಸೆಟ್ಟಿನವರು ಕಿರುಚಿದರೂ ನಡೆಯುತ್ತದೆ. ಐದು ವಾಟಿನವರಿಗೆ ಅದು ಆಗುವುದಿಲ್ಲ. ಸಂಜೆ ಬಿಸಿಲು ಇಳಿಯುವ ಹೊತ್ತು ಕಾಯಬೇಕು, ಎಲ್ಲಿ ಜಾಗ ಖಾಲಿ ಇದೆ ಎಂದು ಹುಡುಕಬೇಕು, ಚಿಕ್ಕದಾಗಿ ಕರೆದು ಸುಮ್ಮನಿರಬೇಕು. ಹತ್ತು ಹತ್ತು ಮೀಟರಿನ ಎರಡು ತಂತಿಗಳನ್ನು ಎರಡು ತೆಂಗಿನ ಮರಗಳ ನಡುವೆ ನಾನೇ ಮರ ಹತ್ತಿ ಕಟ್ಟಿದೆ. ಮೊದಲು ಉದ್ದ ಬಿಟ್ಟು, ಆಮೇಲೆ ಅಳೆದು ಬೆರಳಷ್ಟು ಬೆರಳಷ್ಟೇ ಕತ್ತರಿಸಬೇಕು. ಸೆಟ್ಟು ಒಂದು ಬಿಸ್ಕತ್ತಿನ ಡಬ್ಬಿಯೊಳಗೆ ಹಿಡಿಯುತ್ತದೆ, ಸ್ಕೂಟರಿನ ಬ್ಯಾಟರಿ ಸಾಕು. ಪರೀಕ್ಷೆ ಪಾಸಾಗಿ ಲೈಸೆನ್ಸು ಬರುವ ತನಕ ಕೇಳಬಹುದು, ಕರೆಯುವ ಹಾಗಿಲ್ಲ.

ಎಂತಕ್ಕೆ ಇದೆಲ್ಲ ಅಂತ ನೀವು ಕೇಳಬಹುದು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಮೀನು ಮಾರ್ಕೆಟ್ಟಿನಲ್ಲಿ ನನಗಿರುವ ಹೆಸರು ಒಂದೇ: ಕೈ ಕಡಿದವನ ಮಗಳು. ಚಂದಯ್ಯ ಮಾವನೂ ಮೊದಲ ದಿನ ಕೇಳಿದರು, "ಊರಲ್ಲಿ ಬೇರೆ ಯಾರೂ ಸಿಕ್ಕಿಲ್ಯಾ ನಿಂಗೆ?" ಬೇರೆ ಯಾರಿಗೂ ಬರುವುದಿಲ್ಲವಲ್ಲ ಎಂದೆ. ಅದು ನಿಜ. ಅವರ ಅಂಗೈ ಇಲ್ಲದ ತೋಳನ್ನು ದಿನಾ ನೋಡಬೇಕು ಎಂದು ನನಗೆ ಅನ್ನಿಸಿದ್ದೂ ನಿಜ.

ಮುತ್ತ ಚಿಕ್ಕಪ್ಪ ನಿನ್ನೆ ನನ್ನ ಪುಸ್ತಕವನ್ನು ಒಲೆಗೆ ಹಾಕಿದರು. ನಾನು ಇನ್ನೊಂದು ತರುತ್ತೇನೆ.

ಅಕ್ಷಯಾ


ಬ್ರಹ್ಮಾವರ
21 ನವೆಂಬರ್ 2024

ಅಪ್ಪಯ್ಯ,

ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಎಡ ಭುಜದ ಮೂಳೆ ಮುರಿದಿದೆ, ಕೆಳಗಿನ ಎರಡು ಹಲ್ಲು ಹೋಗಿವೆ. ಉಳಿದ ಗಾಯವೆಲ್ಲ ಚರ್ಮದ ಮೇಲಿನದ್ದು.

ಭಾನುವಾರ ಬೆಳಿಗ್ಗೆ ನಾನು ಹೊರಟು ನಿಂತಿದ್ದೆ. ಚಿಕ್ಕಪ್ಪ ಬಾಗಿಲಿಗೆ ಅಡ್ಡ ನಿಂತರು. "ಎಲ್ಲಿಗ್ ಹೆಣ್ಣೆ?" ಎಂದರು. "ಗೊತ್ತಿತ್ತಲೆ" ಎಂದೆ. ಅವರು ಬೋಟು ಕಟ್ಟುವ ಹಗ್ಗವನ್ನು ಬಾವಿಕಟ್ಟೆಯ ಬಕೆಟ್ಟಿನಲ್ಲಿ ಮೊದಲೇ ನೆನೆಹಾಕಿ ಇಟ್ಟಿದ್ದರು ಅಪ್ಪಯ್ಯ. ಅದು ನನಗೆ ಆಮೇಲೆ ಹೊಳೆಯಿತು. ಸಿಟ್ಟು ಬಂದು ಹೊಡೆದವರು ಹಗ್ಗ ನೆನೆಹಾಕುವುದಿಲ್ಲ. ಬೆನ್ನಿಗೆ ಎಷ್ಟು ಬಿತ್ತು ಲೆಕ್ಕವಿಲ್ಲ. ನಾನು ಬಿದ್ದ ಮೇಲೆ ಹಿಮ್ಮಡಿಯಲ್ಲಿ ಭುಜ ತುಳಿದರು. ಚಟ್ ಎಂದು ಸದ್ದಾಯಿತು. ಚಿಕ್ಕಮ್ಮ ಒಳಗೆ ಟೀವಿಯ ಸದ್ದು ದೊಡ್ಡದು ಮಾಡಿದರು.

ಹೊಡೆಯುತ್ತಾ ಅವರು ಒಂದು ಮಾತು ಹೇಳಿದರು. "ಅಣ್ಣ ಹೇಳ್ದಾಂಗೆ ಮಾಡ್ತಾ ಇದ್ದೆ. ಕಾಲ್ ಮುರುಕ್ ಅಂದಿದ, ನಾ ಕಾಲ್ ಬಿಟ್ಟಿದೆ."

ನೀವು ಹೇಳಿದ್ದಾ?

ಹೌದು ಅಥವಾ ಇಲ್ಲ, ಅಷ್ಟು ಬರೆದರೆ ಸಾಕು.

ಅಕ್ಷಯಾ


ಕೇಂದ್ರ ಕಾರಾಗೃಹ
6 ಡಿಸೆಂಬರ್ 2024

ಮಗಳೇ ಅಕ್ಷಯಾ,

ಇಲ್ಲ.

ಮುತ್ತನಿಗೆ ಕುಡಿದರೆ ಬಾಯಿಗೆ ಬೀಗ ಇಲ್ಲ. ಅವನ ಮಾತು ನಂಬಬೇಡ. ಗಾಯ ಮಾಗುವವರೆಗೆ ಮನೆಯಲ್ಲಿ ಇರು. ಮೇ ತಿಂಗಳಿಗೆ ನನಗೆ ಹದಿನೈದು ದಿನದ ಪೆರೋಲ್ ಸಿಗುತ್ತದೆ ಎಂದಿದ್ದಾರೆ. ಬಂದು ಎಲ್ಲ ಸರಿ ಮಾಡುತ್ತೇನೆ.

ಇಲ್ಲಿ ನಾನು ಚೆನ್ನಾಗಿದ್ದೇನೆ. ನಿನ್ನ ಕಾಗದ ಬಂದ ದಿನ ಊಟದ ಸಾಲಿನಲ್ಲಿ ಒಬ್ಬನಿಗೆ ತಟ್ಟೆಯಲ್ಲಿ ಹೊಡೆದೆ. ಅವನ ಹುಬ್ಬು ಹರಿಯಿತು. ಅವನು ನನಗೆ ಏನೂ ಮಾಡಿರಲಿಲ್ಲ. ಹತ್ತು ದಿನ ಒಂಟಿ ಕೋಣೆಯಲ್ಲಿ ಹಾಕಿದ್ದರು, ಅದಕ್ಕೇ ಉತ್ತರ ತಡವಾಯಿತು.

ಅಪ್ಪಯ್ಯ


ಕೋಟ ಪಡುಕರೆ
20 ಫೆಬ್ರವರಿ 2025

ಭೋಜರಾಜ,

ನಿನ್ನ ಮಗಳು ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ ಬಂದಳು. ಸುಮಾರು ಮೂರು ತಿಂಗಳಿನಿಂದ ಇಲ್ಲೇ ಇದ್ದಾಳೆ. ಪರೀಕ್ಷೆ ಬರೆದು ಪಾಸಾದಳು. ಇದನ್ನು ಮೊದಲೇ ಬರೆಯಬೇಕೆಂದಿದ್ದೆ. ಈಗ ಬರೆಯುತ್ತಿರುವುದು ಬೇರೆಯದಕ್ಕೆ. ಮುತ್ತ ನಿನಗೆ ತನ್ನ ಕಥೆ ಹೇಳಿ ಕಳಿಸಿರುತ್ತಾನೆ. ನನ್ನದನ್ನೂ ಓದು.

ಹದಿನಾರನೆಯ ತಾರೀಕು, ಭಾನುವಾರ, ಮಧ್ಯಾಹ್ನದ ಊಟ ಆಗಿತ್ತು. ಅಕ್ಷಯಾ ಒಳಕೋಣೆಯಲ್ಲಿ ಮೇಜಿನ ಮುಂದೆ ಕೂತು ಸೆಟ್ಟಿಗೆ ಕೊನೆಯ ಬೆಸುಗೆ ಹಾಕುತ್ತಿದ್ದಳು. ಮುತ್ತ ಮೂವರನ್ನು ಕಟ್ಟಿಕೊಂಡು ಬಂದ. ಒಬ್ಬ ಮರದ ಮೇಲಿನ ತಂತಿಯನ್ನು ಎಳೆದು ತುಂಡು ಮಾಡಿದ. ನಾನು ಅಂಗಳಕ್ಕೆ ಇಳಿದೆ. ಮುತ್ತ ನೇರ ಬಂದು ಹಣೆಯಿಂದ ನನ್ನ ಮೂಗಿಗೆ ಗುದ್ದಿದ. ಬಿದ್ದೆ. ಇಬ್ಬರು ನನ್ನ ಪಕ್ಕೆಗೆ ಒದ್ದರು. ಒಂದು ಕೈಯಲ್ಲಿ ಮುಖ ಮುಚ್ಚಬೇಕಾ, ಪಕ್ಕೆ ಮುಚ್ಚಬೇಕಾ? ಮುಖ ಮುಚ್ಚಿದೆ.

ಸುಂದರಿ ಕಿರುಚಿದಳು: "ಹ್ವಾಯ್, ಯಾರಾರೂ ಬನಿ, ಕೊಲ್ತಾ ಇದ್ರ್!" ಮುತ್ತ ಅವಳ ತುರುಬಿಗೆ ಕೈ ಹಾಕಿ, ನೆಲದ ಮೇಲೆ ದರದರ ಎಳೆದುಕೊಂಡು ಒಳಕೋಣೆಗೆ ಹೋದ. ನಾನು ಹೊಸ್ತಿಲ ತನಕ ತೆವಳಿದೆ. ಆಮೇಲಿನದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

"ಆ ಡಬ್ಬಿ ಒಡೆದ್ ಹಾಕ್, ಇಲ್ದಿರೆ ಇವ್ಳ ತಲಿ ಒಡಿತೆ" ಎಂದ. ಅಕ್ಷಯಾಳ ಕೈಯಲ್ಲಿ ಕಾದ ಬೆಸುಗೆ ಕಡ್ಡಿ ಇತ್ತು. ಸೀಸ ಕರಗಿಸುವ ಕಾವು ಎಂದರೆ ಎಷ್ಟು ಅಂತ ನೀನೇ ಎಣಿಸು. ಅವಳು ಅದನ್ನು ತುರುಬು ಹಿಡಿದ ಕೈಯ ಮೇಲೆ ಒತ್ತಿದಳು. ಅವನು ಕೂಗಿ ಕೈ ಬಿಟ್ಟ, ಮೇಜಿನ ಕಾಲಿಗೆ ತಾಗಿ ಕೆಳಗೆ ಕೂತ. ಸುಂದರಿ ತಪ್ಪಿಸಿಕೊಂಡಳು. ಅಲ್ಲಿಗೆ ಮುಗಿಯಬೇಕಿತ್ತು.

ಅಕ್ಷಯಾ ಬಗ್ಗಿ, ಅವನ ತಲೆಯನ್ನು ಗೋಡೆಗೆ ಒತ್ತಿ ಹಿಡಿದು, ಕಡ್ಡಿಯನ್ನು ಕೆನ್ನೆಗೆ ಇಟ್ಟಳು. ಇಟ್ಟು, ತೆಗೆಯಲಿಲ್ಲ. "ಅಕ್ಷಯಾ, ಸಾಕ್" ಎಂದು ಕೂಗಿದೆ. ಕೇಳಲಿಲ್ಲ. ಚರ್ಮ ಸುಟ್ಟ ವಾಸನೆ ಬಂತು. ಸುಂದರಿ ಪ್ಲಗ್ಗು ಕಿತ್ತು ಅವಳ ಸೊಂಟ ಹಿಡಿದು ಎಳೆದಳು. ಆಗ ಅವಳ ಮುಖ ನೋಡಿದೆ ಭೋಜರಾಜ. ಆ ಮುಖವನ್ನು ನಾನು ಒಮ್ಮೆ ನನ್ನ ದೋಣಿಯಲ್ಲಿ ಕಂಡಿದ್ದೆ.

ಒಳಗೆ ಬಂದ ಉಳಿದ ಮೂವರು ಅದನ್ನು ಕಂಡು ಹೆದರಿ, ಮುತ್ತನನ್ನು ಎಬ್ಬಿಸಿಕೊಂಡು ಓಡಿದರು. ಹೋಗುವಾಗ ಒಬ್ಬ ಸೆಟ್ಟನ್ನು ಮೇಜಿನಿಂದ ಕೆಡವಿ ತುಳಿದು ಅಪ್ಪಚ್ಚಿ ಮಾಡಿ ಹೋದ. ನನ್ನ ಮೂರು ಪಕ್ಕೆ ಮುರಿದಿವೆ. ಸುಂದರಿಯ ನೆತ್ತಿಯಲ್ಲಿ ಅಂಗೈಯಗಲ ಕೂದಲು ಇಲ್ಲ.

ಮುತ್ತ ಈಗ ಬ್ಯಾಂಡೇಜು ಕಟ್ಟಿಕೊಂಡು ದೂರು ಕೊಟ್ಟಿದ್ದಾನೆ: ತಾನು ಅಣ್ಣನ ಮಗಳನ್ನು ಮನೆಗೆ ಕರೆಯಲು ಹೋದದ್ದು, ಅವಳು ಕೊಲ್ಲಲು ಬಂದಳು ಎಂದು. ಕೇಸು ಸಾಬೀತಾದರೆ ಅವಳಿಗೂ ಜೈಲು. ಲೈಸೆನ್ಸಿಗೆ ಪೊಲೀಸ್ ವಿಚಾರಣೆ ಬಾಕಿ ಇದೆ, ಅದೂ ಅಲ್ಲಿಗೇ ನಿಂತ ಹಾಗೆ. ಅವನು ಕರೆಯಲು ಬಂದದ್ದಲ್ಲ, ಕಳಿಸಿದ್ದಕ್ಕೆ ಬಂದದ್ದು ಎಂದು ನನಗೆ ಅನುಮಾನ. ಅನುಮಾನಕ್ಕೆ ಠಾಣೆಯಲ್ಲಿ ಬೆಲೆ ಇಲ್ಲ. ಗೊತ್ತಿರುವವನು ಒಬ್ಬನೇ.

ಚಂದಯ್ಯ


ಕೇಂದ್ರ ಕಾರಾಗೃಹ
14 ಏಪ್ರಿಲ್ 2025

ಚಂದಯ್ಯ,

ನಿನ್ನ ಕಾಗದ ಮಡಿಸಿ ಮಡಿಸಿ ಹರಿದುಹೋಯಿತು. ಏಳು ವಾರ ಸುಮ್ಮನಿದ್ದೆ. ಮೇ ತಿಂಗಳ ಪೆರೋಲ್ ಕಣ್ಣೆದುರಿಗಿತ್ತು. ಮನೆಗೆ ಹೋಗಿ ಹೇಳಿದರಾಯಿತು, ಈಗ ಬಾಯಿ ಮುಚ್ಚಿಕೊಂಡರೆ ಯಾರಿಗೂ ತಿಳಿಯದು ಎಂದುಕೊಂಡಿದ್ದೆ.

ನಿನ್ನೆ ಜೈಲಿನ ಅಧಿಕಾರಿಯ ಮುಂದೆ ಹೇಳಿಕೆ ಕೊಟ್ಟೆ, ಬರೆದು ಸಹಿ ಹಾಕಿದೆ. ಮುತ್ತನನ್ನು ಕಳಿಸಿದ್ದು ನಾನು. ಬಿಡುಗಡೆಯಾಗಿ ಹೊರಟ ಒಬ್ಬನ ಕೈಯಲ್ಲಿ ನವೆಂಬರಿನಲ್ಲಿ ಒಂದು ಚೀಟಿ, ಜನವರಿಯಲ್ಲಿ ಇನ್ನೊಬ್ಬನ ಕೈಯಲ್ಲಿ ಒಂದು. ಮೊದಲನೆಯದರಲ್ಲಿ, ಕಾಲು ಮುರಿದಾದರೂ ಅವಳನ್ನು ಮನೆಯಲ್ಲಿ ಕೂರಿಸು. ಎರಡನೆಯದರಲ್ಲಿ, ಚಂದಯ್ಯನ ಮನೆಯಲ್ಲಿ ಒಂದು ತುಂಡು ತಂತಿಯೂ ಉಳಿಯಬಾರದು, ಅಡ್ಡ ಬಂದವರನ್ನು ನೋಡಬೇಡ. ಮಗಳಿಗೆ "ಇಲ್ಲ" ಎಂದು ಬರೆದದ್ದು ಸುಳ್ಳು.

ಪೆರೋಲ್ ಹೋಯಿತು. ಹೊಸ ಕೇಸು ಹಾಕುತ್ತಾರಂತೆ. ಹಾಕಲಿ.

ಇನ್ನೊಂದು ಉಳಿದಿದೆ. ಅದನ್ನು ಅಧಿಕಾರಿಗೆ ಹೇಳಲಿಲ್ಲ, ಅವರು ಕೇಳಲೂ ಇಲ್ಲ. ಈ ಕಾಗದವನ್ನು ಅವರು ಓದಿದರೆ ಓದಲಿ.

ಅಂದು ನಾನು ಹಗ್ಗ ಕಡಿಯಲು ಮಚ್ಚು ಎತ್ತಿದ್ದಲ್ಲ. ಮೊದಲ ಏಟು ಬೀಸಿ ಹೊಡೆದದ್ದು, ಎಲ್ಲಿ ಬಿತ್ತು ಎಂದು ನೋಡಲಿಲ್ಲ. ಆಗ ಕೈ ಅರ್ಧ ನೇತಾಡುತ್ತಿತ್ತು. ನೀನು "ಭೋಜ, ಬ್ಯಾಡ" ಎಂದೆ. ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹಾಗೆ ಕರೆದೆ. ಕೇಳಿಸಿತು ನನಗೆ. ನಿನ್ನ ಮಣಿಕಟ್ಟನ್ನು ದೋಣಿಯ ಅಂಚಿಗೆ ಇಟ್ಟು ಒತ್ತಿ ಹಿಡಿದೆ. ಎರಡನೆಯದು ನೋಡಿ ಹಾಕಿದ ಏಟು.

ನಿನಗೆ ಎಚ್ಚರ ಇತ್ತೆಂದು ನನಗೆ ಗೊತ್ತಿತ್ತು. ಕೋರ್ಟಿನಲ್ಲಿ ನೀನು "ಗೊತ್ತಿಲ್ಲ" ಎಂದಾಗ ನನಗೆ ನಿನ್ನ ಮೇಲೆ ಮೊದಲಿಗಿಂತ ಹೆಚ್ಚು ಸಿಟ್ಟು ಬಂತು.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಕೊಡಬೇಕಾಗುತ್ತದೆ.

ಈ ಕಾಗದವನ್ನು ಅವಳಿಗೂ ತೋರಿಸು.

ಭೋಜರಾಜ


ಕೋಟ ಪಡುಕರೆ
18 ಆಗಸ್ಟ್ 2025

ಅಪ್ಪಯ್ಯ,

ಏಪ್ರಿಲಿನ ನಿಮ್ಮ ಕಾಗದವನ್ನು ಮಾವ ನನಗೆ ಕೊಟ್ಟರು. ಓದುವಾಗ ಅವರು ಎದುರಲ್ಲಿ ಇರಲಿಲ್ಲ, ಕಡಲಿನ ಕಡೆಗೆ ಹೋಗಿದ್ದರು. ಸುಂದರತ್ತೆ ಓದಿಸಿಕೊಂಡು ಕೇಳಿದರು. ಕೇಳಿ ಮುಗಿದ ಮೇಲೆ, "ಸತ್ಯ ಹೇಳುಕೆ ನಾಕ್ ವರ್ಷ ಬೇಕಾಯ್ತಾ ಅವ್ನಿಗೆ?" ಎಂದು ಎದ್ದು ಹೋದರು. ಆ ದಿನ ಅವರು ಅಡಿಗೆ ಮಾಡಲಿಲ್ಲ.

ನಿಮ್ಮ ಹೇಳಿಕೆ ಬಂದ ಮೇಲೆ ಚಿಕ್ಕಪ್ಪ ದೂರು ವಾಪಸು ತೆಗೆದುಕೊಂಡರು. ಅವರ ಮನೆಯಲ್ಲಿ ಪೊಲೀಸರಿಗೆ ಎರಡನೆಯ ಚೀಟಿ ಸಿಕ್ಕಿತಂತೆ. ಅವರ ಮೇಲಿನ ಕೇಸು ನಡೆಯುತ್ತಿದೆ. ನನ್ನನ್ನು ಎರಡು ಸಲ ಠಾಣೆಗೆ ಕರೆದರು. ಅತ್ತೆಯನ್ನು ಬಿಡಿಸಲು ಸುಟ್ಟದ್ದು ಎಂದು ಬರೆದುಕೊಂಡರು. ಕೈಯ ವಿಷಯಕ್ಕೆ ಅದು ಸರಿ. ಕೆನ್ನೆಯ ವಿಷಯ ಅವರು ಬಿಡಿಸಿ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಲೈಸೆನ್ಸು ಜುಲೈ ಕೊನೆಗೆ ಬಂತು. ಹೊಸ ಸೆಟ್ಟು ಅಷ್ಟರೊಳಗೆ ಮುಗಿದಿತ್ತು. ಮೂರು ಸಂಜೆ ಕರೆದೆ, ಯಾರೂ ಉತ್ತರಿಸಲಿಲ್ಲ. ಸಿಡಿಲಿನ ಕಾಲ, ಕಿವಿಯ ತುಂಬ ಕರಕರ. ನಾಲ್ಕನೆಯ ಸಂಜೆ, ಆರೂವರೆಗೆ, ಯಾರೋ ಲೈಸೆನ್ಸಿನ ಜೊತೆ ಸಿಕ್ಕ ನನ್ನ ಕರೆಸಂಕೇತದ ಮೊದಲ ಮೂರು ಅಕ್ಷರ ಹೇಳಿ ನಿಲ್ಲಿಸಿದರು. ಮತ್ತೆ ಕಳಿಸಿದೆ. ಇನ್ನೆರಡು ಸಿಕ್ಕಿತು. ಮತ್ತೆ ಕಳಿಸಿದೆ. ನಾಗಪುರದ ಹತ್ತಿರದ ಒಬ್ಬರು, ಮೇಷ್ಟರಾಗಿದ್ದು ರಿಟೈರ್ ಆದವರಂತೆ. ಎಷ್ಟು ವಾಟ್ ಎಂದು ಕೇಳಿದರು. ಐದು ಎಂದೆ. ಇನ್ನೊಮ್ಮೆ ಹೇಳಿ ಎಂದರು. ಐದು. ಆತುರಕ್ಕೆ ಒಂದು ಗಿಡ್ಡ ಸದ್ದಿನ ಜಾಗದಲ್ಲಿ ಎರಡು ಬೀಳುತ್ತಿತ್ತು. ಎಂಟು ನಿಮಿಷ ಮಾತಾಡಿದೆವು. ಆಮೇಲೆ ಸದ್ದಿನಲ್ಲಿ ಅವರು ಕರಗಿ ಹೋದರು. ಮಾವ ಹಿಂದೆ ನಿಂತು ಕೇಳುತ್ತಿದ್ದರು. ಪುಸ್ತಕದಲ್ಲಿ ಹೊತ್ತು ಬರೆದಿಡು ಎಂದರು ಅಷ್ಟೇ.

ಇದನ್ನೆಲ್ಲ ಬರೆದದ್ದು ನಿಮಗೆ ತಿಳಿಯಲಿ ಎಂದು. ಸಿಟ್ಟು ಹೋಗಿದೆ ಎಂದು ಎಣಿಸಬೇಡಿ. ಮಳೆ ಬರುವ ಮೊದಲು ಭುಜ ಈಗಲೂ ನೋಯುತ್ತದೆ. ನೋವಾದಾಗೆಲ್ಲ ನೀವು ಬರೆದ "ಇಲ್ಲ" ಎಂಬ ಒಂದು ಶಬ್ದ ನೆನಪಾಗುತ್ತದೆ, ಚಿಕ್ಕಪ್ಪನ ಕಾಲಲ್ಲ.

ಆದರೂ ಬರುವ ಶನಿವಾರ ನಿಮ್ಮನ್ನು ನೋಡಲು ಬರುತ್ತೇನೆ. ಭೇಟಿಗೆ ಚೀಟಿ ಮಾಡಿಸಿದ್ದೇನೆ. ನಿಮ್ಮನ್ನು ಒಂದು ಮಾತು ಕೇಳಬೇಕು. ಬೇರೆ ಯಾರನ್ನೂ ಕೇಳುವ ಹಾಗಿಲ್ಲ. ಮಾವನನ್ನು ಕೇಳುವ ಹಾಗೆಯಂತೂ ಇಲ್ಲವೇ ಇಲ್ಲ.

ಚಿಕ್ಕಪ್ಪ ಅತ್ತೆಯ ಕೂದಲು ಬಿಟ್ಟ ಮೇಲೂ ನಾನು ಕಡ್ಡಿ ತೆಗೆಯಲಿಲ್ಲ. ಮಾವ "ಸಾಕ್" ಎಂದದ್ದು ನನಗೆ ಕೇಳಿಸಿತ್ತು. ಕೇಳಿಸಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಆ ಹೊತ್ತಿನಲ್ಲಿ ನನ್ನ ಎದೆಯಲ್ಲಿ ಇದ್ದದ್ದು ಸಿಟ್ಟಲ್ಲ, ಹೆದರಿಕೆಯೂ ಅಲ್ಲ. ಅದು ಚೆನ್ನಾಗಿತ್ತು ಅಪ್ಪಯ್ಯ.

ಎರಡನೆಯ ಏಟು ಹಾಕಿದಾಗ ನಿಮಗೂ ಹಾಗೇ ಆಯಿತಾ? ಆಗಿದ್ದರೆ, ಈ ನಾಲ್ಕು ವರ್ಷ ಅದನ್ನು ಎಂತ ಮಾಡಿದಿರಿ?

ಕಾಗದದಲ್ಲಿ ಉತ್ತರ ಬರೆಯಬೇಡಿ. ನಾನು ಎದುರು ಕೂತಾಗ ಹೇಳಿ.

ಅಕ್ಷಯಾ